ಕುರುಡು ಕಿಟಕಿಯ ಪರದೆ

ಚಿಪ್ಸ್ ಆಗಲೇ ತಣ್ಣಗಾಗಿತ್ತು. ಇನ್ಸ್‌ಪೆಕ್ಟರ್ ಗಿಲ್ಬರ್ಟ್ ಲಡ್ಲೋಗೆ ಅದರ ಪರಿವೆಯೇ ಇರಲಿಲ್ಲ. ಮೀನು ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಆರ್ಡನ್‌ವೆಲ್ ಹಾಲ್‌ನ ಮುಂದಿನ ಹುಲ್ಲುಹಾಸಿನ ನಡುವೆ ನಿಂತಿದ್ದ. ಒಮ್ಮೆ ಹಾಳೆಯನ್ನು ನೋಡುವುದು, ಒಮ್ಮೆ ಮನೆಯನ್ನು ನೋಡುವುದು. ಮತ್ತೆ ಹಾಳೆ, ಮತ್ತೆ ಮನೆ.

"ಸಾರ್, ಅದನ್ನ ತಿಂತೀರೋ, ಓದ್ತೀರೋ?" ಮನೆ ಕೆಡವುವ ತಂಡದ ಮೇಸ್ತ್ರಿ ಗ್ರಿಮ್ಲಿ ಏಣಿಯ ಬುಡದಿಂದ ಕೂಗಿದ. "ತಿನ್ನಲ್ಲ ಅಂದ್ರೆ ಇತ್ತ ಕೊಡಿ. ದೇವರು ಕೊಟ್ಟ ಮೀನು, ಪಾಪ, ದಂಡ ಆಗೋದು ಬೇಡ."

ಲಡ್ಲೋ ಮೀನು, ಚಿಪ್ಸ್ ಎರಡನ್ನೂ ಅವನ ಟೋಪಿಯೊಳಗೆ ಸುರಿದು ಹಾಳೆಯನ್ನು ತಾನೇ ಇಟ್ಟುಕೊಂಡ. ಗ್ರಿಮ್ಲಿಗೆ ಬೇಸರವಾಗಲಿಲ್ಲ. ಅವನ ಟೋಪಿ ಅದಕ್ಕಿಂತ ಹೊಲಸನ್ನು ಕಂಡಿತ್ತು.

ಹಾಳೆಯಲ್ಲಿದ್ದದ್ದು ಸರ್ ಆಂಬ್ರೋಸ್ ಡೆಲ್‌ಮರ್ ಅವರ ಶವಯಾತ್ರೆಯ ಚಿತ್ರ. ಮಹಡಿಯ ಪಡಸಾಲೆಯ ಕಟಕಟೆಯ ಮೇಲಿನಿಂದ ಕೆಳಗಿನ ಕಲ್ಲುನೆಲಕ್ಕೆ ಬಿದ್ದು, ಅಥವಾ ಯಾರೋ ಬೀಳಿಸಿ, ಸತ್ತ ಮುದುಕ. ಆ 'ಯಾರೋ' ಟ್ಯಾಮ್ಸಿನ್ ಕ್ವಿಲ್ ಎಂದು ಲಡ್ಲೋನ ಮೇಲಧಿಕಾರಿ ಆಗಲೇ ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಮುದುಕನಿಗೆ ಪುಸ್ತಕ ಓದಿ ಹೇಳಲು ಬಂದಿದ್ದ ಹುಡುಗಿ. ಸೋಮವಾರ ಅವಳು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅಲ್ಲಿಂದ ದೊಡ್ಡ ಕೋರ್ಟು, ಅಲ್ಲಿಂದ ನೇಣು. ಮಧ್ಯೆ ತಿರುವುಗಳೇನೂ ಇಲ್ಲದ ದಾರಿ ಅದು.

ಇಂದು ಶನಿವಾರ.

ಚಿತ್ರದಲ್ಲಿ ಶವಪೆಟ್ಟಿಗೆ ಹೊತ್ತವರ ಬೆನ್ನ ಹಿಂದೆ ಮನೆಯ ಇಡೀ ಮುಖ ಕಾಣುತ್ತಿತ್ತು. ಎತ್ತರದ ಕಿಟಕಿಗಳ ಎರಡು ಸಾಲು. ಒಂದೊಂದರಲ್ಲೂ ಗಾಜಿನ ಹಿಂದೆ ಬಿಳಿಯ ಸುರುಳಿ ಪರದೆ ಇಳಿದಿತ್ತು. ಮನೆಯಲ್ಲಿ ಸಾವಾದರೆ, ಹೆಣ ಹೊರಟುಹೋಗುವ ತನಕ ಬೀದಿಯ ಕಡೆಯ ಪರದೆಗಳನ್ನು ಇಳಿಸಿಯೇ ಇರಬೇಕು. ಲಡ್ಲೋ ಹುಟ್ಟಿದ ಗಣಿಯವರ ಕೇರಿಯಲ್ಲೂ ಅದೇ ಪದ್ಧತಿ. ಅಲ್ಲಿ ಪರದೆ ಇರಲಿಲ್ಲ, ಅವನ ಅಮ್ಮ ಹಾಸಿಗೆಯ ಬಟ್ಟೆಯನ್ನೇ ಮೊಳೆ ಹೊಡೆದು ಕಟ್ಟುತ್ತಿದ್ದಳು.

ಹಾಗಾಗಿ ಪರದೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಅವನ ಗಂಟಲಲ್ಲಿ ಚಿಪ್ಸ್ ಸಿಕ್ಕಿಕೊಂಡದ್ದು ಮೇಲಿನ ಸಾಲಿನಲ್ಲಿ ಪೂರ್ವದ ತುದಿಗಿದ್ದ ಕೊನೆಯ ಕಿಟಕಿಯನ್ನು ಕಂಡು. ಚಿತ್ರದಲ್ಲಿ ಅದೂ ಬೆಳ್ಳಗಿತ್ತು.

ಲಡ್ಲೋ ತಲೆಯೆತ್ತಿ ನೋಡಿದ. ಈಗ ಅದು ಕಪ್ಪು. ಅದು ಯಾವಾಗಲೂ ಕಪ್ಪೇ. ಊರಿನವರು ಅದನ್ನು ಕುರುಡು ಕಿಟಕಿ ಅನ್ನುತ್ತಿದ್ದರು.

ಅದರ ಕತೆಯನ್ನು ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಬ್ರಾಡಕ್ ಮೊದಲ ದಿನವೇ ಅವನಿಗೆ ಒಪ್ಪಿಸಿದ್ದಳು. ಆಕೆಗೆ ಮದುವೆಯಾಗಿರಲಿಲ್ಲ. ದೊಡ್ಡ ಮನೆಯ ಬೀಗದ ಕೈ ಗೊಂಚಲು ಸೊಂಟಕ್ಕೆ ಬಂದ ದಿನ 'ಮಿಸೆಸ್' ಕೂಡ ತಾನಾಗಿ ಬಂದಿತ್ತು. "ಇಲ್ಲಿ ಮುಂಚೆ ಮರದ ಮನೆ ಇತ್ತು ಸಾಹೇಬ್ರೆ. ದೊಡ್ಡ ಸಾಹೇಬ್ರ ಮುತ್ತಾತನ ಕಾಲದಲ್ಲಿ ಕಾಸು ಬಂತು. ಹಳೇ ಮನೆ ಕೆಡವೋಕೆ ಮನಸ್ಸು ಬರಲಿಲ್ಲ, ಅದರ ಮುಂದೇನೇ ಈ ಕಲ್ಲಿನ ಮುಖ ಎಬ್ಬಿಸಿಬಿಟ್ರು. ಹಿಂದಿನ ಮನೆ ಸೊಟ್ಟ, ಮುಂದಿನ ಮುಖ ನೆಟ್ಟಗೆ. ಆ ತುದಿಯಲ್ಲಿ ಹಿಂದೆ ಕೋಣೆ ಬರಲಿಲ್ಲ. ಆದ್ರೆ ಆ ಕಡೆ ಕಿಟಕಿ ಇದ್ದು ಈ ಕಡೆ ಇಲ್ಲ ಅಂದ್ರೆ ನೋಡಿದವರು ನಗಲ್ವಾ? ಅದಕ್ಕೆ ಬರೀ ಚೌಕಟ್ಟು, ಬರೀ ಗಾಜು. ಗಾಜಿನ ಹಿಂದೆ ಇಟ್ಟಿಗೆ ಗೋಡೆ. ಗೋಡೆಗೆ ಕಪ್ಪು ಬಣ್ಣ."

ಕಪ್ಪು ಬಣ್ಣದ ಇಟ್ಟಿಗೆ ಗೋಡೆ ಯಜಮಾನನ ಸಾವಿಗೆ ಮರುಗಿ ತಾನೇ ಪರದೆ ಇಳಿಸಿಕೊಂಡ ಸಂಗತಿ ಲಡ್ಲೋನ ಸೇವಾವಧಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಗ್ರಿಮ್ಲಿ, ಆ ಮೂಲೆ ಕಿಟಕಿ ಹಿಂದೆ ಏನಿದೆ?"

"ಸಂಜೆ ಬನ್ನಿ ಹೇಳ್ತೀನಿ. ಇವತ್ತು ಬೆಳಿಗ್ಗೆಯಿಂದ ಅದರ ಮೇಲಿನ ಹೆಂಚೇ ತೆಗೀತಾ ಇದ್ದೀವಿ." ಗ್ರಿಮ್ಲಿ ಮೀನಿನ ಮುಳ್ಳು ಉಗಿದ. "ಹೋದ ವಾರಾನೇ ಆ ಮೂಲೆ ಮುಗೀಬೇಕಿತ್ತು. ಆಯಮ್ಮ ಬಿಡಬೇಕಲ್ಲ! ಏಣಿ ಆ ಕಡೆ ಹಾಕಿದ ತಕ್ಷಣ, 'ಗ್ರಿಮ್ಲಿ, ಟೀ ತಗೊಳ್ಳಿ', 'ಗ್ರಿಮ್ಲಿ, ಕೇಕ್ ತಗೊಳ್ಳಿ'. ಸೋಂಪು ಹಾಕಿದ ಕೇಕ್ ಸಾರ್, ಬಾಯಲ್ಲಿಟ್ರೆ ಕರಗ್ತಿತ್ತು. ಹುಡುಗರು ತಿಂದು ಮಲಗಿಬಿಡೋರು. ನಿನ್ನೆ ಮೇಜರ್ ಸಾಹೇಬ್ರು ತಂತಿ ಕಳಿಸಿ ಉಗಿದ್ರು ನೋಡಿ, ಇವತ್ತು ಕೇಕ್ ಮುಟ್ಟಿಲ್ಲ."

ಮೇಜರ್ ಸಾಹೇಬ್ರು ಅಂದರೆ ಸತ್ತವರ ತಮ್ಮನ ಮಗ. ಚಿಕ್ಕಪ್ಪ, ದೊಡ್ಡಪ್ಪ ಎಂಬ ಮೋಹವೇನೂ ಇಲ್ಲದ ಮನುಷ್ಯ. ಮನೆ ಕೈಗೆ ಬಂದ ವಾರದೊಳಗೆ ಕಲ್ಲು, ಮರ, ಮಾಡಿನ ಸೀಸದ ಹಾಳೆ ಎಲ್ಲವನ್ನೂ ಮಾರಿ ಲಂಡನ್ನಿಗೆ ಹೋಗಿ ಕೂತಿದ್ದ.

ಆದರೆ ಲಡ್ಲೋನ ಕಿವಿಯಲ್ಲಿ ಉಳಿದದ್ದು ಕೇಕ್. ಯುದ್ಧ ಮುಗಿದು ಇಷ್ಟು ವರ್ಷವಾದರೂ ಸಕ್ಕರೆ ಇನ್ನೂ ರೇಷನ್ನು. ಮಿಸೆಸ್ ಬ್ರಾಡಕ್ ಅವನಿಗೆ ಟೀ ಕೊಟ್ಟಾಗಲೆಲ್ಲ ಸಕ್ಕರೆ ಡಬ್ಬಿಯನ್ನು ತನ್ನ ಮೊಣಕೈ ಹಿಂದೆ ಇಟ್ಟುಕೊಂಡೇ ಕೊಡುತ್ತಿದ್ದಳು. ಅಂಥವಳು ತನ್ನ ತಿಂಗಳ ಪಾಲನ್ನೆಲ್ಲ ಸುರಿದು, ತಾನು ಬಾಳಿದ ಮನೆಯನ್ನು ಒಡೆಯಲು ಬಂದವರಿಗೆ ಕೇಕ್ ಮಾಡಿ ತಿನ್ನಿಸಿದಳೇ?

ಅವನು ಮುಂಬಾಗಿಲ ಮೆಟ್ಟಿಲುಗಳನ್ನು ಹತ್ತಿ ಒಳಗೆ ನುಗ್ಗಿದ.

ಒಳಗೆ ಒಂದು ಕಡೆ ನಿಲ್ಲುವ ಹಾಗಿರಲಿಲ್ಲ. ತಲೆಯ ಮೇಲೆ ಸುತ್ತಿಗೆ, ಎಲ್ಲೋ ಹೆಂಚು ಜಾರಿ ಒಡೆಯುವ ಸದ್ದು, ಒಡೆದಾಗಲೆಲ್ಲ ಮೇಲಿನವರ ಕೇಕೆ. ಚಿತ್ರಪಟಗಳನ್ನು ಕಿತ್ತ ಗೋಡೆಗಳಲ್ಲಿ ಚೌಕಾಕಾರದ ಕಲೆಗಳು ಉಳಿದಿದ್ದವು. ಲಡ್ಲೋಗೆ ಬೆಳಿಗ್ಗೆಯಿಂದಲೂ ಕೈಕಾಲು ಆಡುತ್ತಲೇ ಇದ್ದವು. ಎಲ್ಲಿ ಕೂತರೂ ಏಳಬೇಕು, ಎದ್ದರೆ ನಡೆಯಬೇಕು. ಮೇಲಧಿಕಾರಿ "ಕೇಸು ಮುಗೀತು, ನೀವಿನ್ನು ಅಲ್ಲಿಗೆ ಹೋಗೋದು ಬೇಡ" ಎಂದು ಬಾಯಿ ಬಿಟ್ಟು ಹೇಳಿದ್ದರು. ಅವನಿಗೆ ಆ ಹುಡುಗಿಯ ಮುಖ ಕಣ್ಣಿನಿಂದ ಹೋಗುತ್ತಿರಲಿಲ್ಲ.

ಬಂಧಿಸಿದ ಸಂಜೆ ಟ್ಯಾಮ್ಸಿನ್ ಅಳಲಿಲ್ಲ, ಕೂಗಾಡಲಿಲ್ಲ. ಕಾರು ಹತ್ತುವಾಗ ಒಂದೇ ಒಂದು ಮಾತು ಕೇಳಿದ್ದಳು. "ಇನ್ಮೇಲೆ ಮೇಲಕ್ಕೆ ಹಾಲು ಯಾರು ಒಯ್ತಾರೆ?"

ಪಾಪ, ಬೆಕ್ಕಿನ ಚಿಂತೆ ಎಂದುಕೊಂಡಿದ್ದ ಲಡ್ಲೋ. ತನ್ನ ಕುತ್ತಿಗೆಗೆ ಕುತ್ತು ಬಂದಿರುವಾಗ ಬೆಕ್ಕಿನ ಹಾಲು ನೆನೆಸಿಕೊಂಡವಳು ಕೊಲೆ ಮಾಡುವುದುಂಟೇ? ಆ ಒಂದು ಮಾತಿನ ಮೇಲೆಯೇ ಅವನಿಗೆ ಅವಳು ನಿರಪರಾಧಿ ಎಂಬ ನಂಬಿಕೆ ಗಟ್ಟಿಯಾಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಠಾಣೆಯ ಬೆಂಚು ಕೂಡ ನಗುತ್ತಿತ್ತು. ಆದರೆ ಅಂದಿನಿಂದ ಇಲ್ಲಿಗೆ ಬಂದಾಗಲೆಲ್ಲ ಮಹಡಿಯ ಪಡಸಾಲೆಯ ಮೂಲೆಯಲ್ಲಿ ಒಂದು ತಟ್ಟೆ ಹಾಲಿಡುತ್ತಿದ್ದ. ಮುಂದಿನ ಸಲ ಬಂದಾಗ ಹಾಲು ಹಾಗೇ ಇರುತ್ತಿತ್ತು, ಮೇಲೆ ಕೆನೆಯ ಜೊತೆಗೆ ಸುಣ್ಣದ ಧೂಳು. ಆ ಮನೆಯ ಬೆಕ್ಕು ಲಾಯ ಬಿಟ್ಟು ಅಡುಗೆಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮಹಡಿ ಹತ್ತಿದರೆ ಮಿಸೆಸ್ ಬ್ರಾಡಕ್ ಪಡಸಾಲೆಯಲ್ಲೇ ಸಿಕ್ಕಳು. ಸೋಮವಾರ ಕಿತ್ತುಹಾಕುವ ಕಟಕಟೆಗೆ ಮೇಣ ತಿಕ್ಕುತ್ತಿದ್ದಳು.

"ಕೂತ್ಕೊಳ್ಳಿ ಸಾಹೇಬ್ರೆ, ಅಂತ ಹೇಳೋಕೆ ಕುರ್ಚೀನೇ ಬಿಟ್ಟಿಲ್ಲ ಈ ಕಟುಕರು," ಅಂದಳು ತಲೆಯೆತ್ತದೆ.

"ನಿಂತೇ ಮಾತಾಡೋಣ. ದೊಡ್ಡ ಸಾಹೇಬ್ರು ತೀರಿಕೊಂಡಾಗ ಮುಂದಿನ ಪರದೆಗಳನ್ನ ಇಳಿಸಿದ್ದು ಯಾರು?"

"ಇನ್ಯಾರು? ನಾನೇ, ಈ ಕೈಯಿಂದ. ಮೊದಲು ಅವರ ಅಪ್ಪ ಹೋದಾಗ ಇಳಿಸಿದೆ, ಆಮೇಲೆ ಅಮ್ಮ ಹೋದಾಗ, ಆಮೇಲೆ ಅವರ ಹೆಂಡತಿ. ಈ ಸಲ ಅವರಿಗೇ ಇಳಿಸಿದೆ. ಆ ಕೆಲಸ ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ."

"ಎಲ್ಲಾನೂ?"

"ಇರೋದನ್ನೆಲ್ಲ."

ಲಡ್ಲೋ ಹಾಳೆಯನ್ನು ಕಟಕಟೆಯ ಮೇಲೆ ಹರಡಿದ. ಮೇಣದ ಮೇಲೆ ಎಣ್ಣೆ ಮೆತ್ತಿತು. ಮಿಸೆಸ್ ಬ್ರಾಡಕ್‌ಗೆ ಅದು ಸೇರಲಿಲ್ಲ, ಆದರೂ ಏಪ್ರನ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು.

"ಈ ಫೋಟೋ ನೋಡಿರಲಿಲ್ವಾ?"

"ಮೀನು ಸುತ್ತೋ ಪೇಪರು ನಾನು ಓದಲ್ಲ."

"ಮನೇನ ಆವತ್ತು ಮುಂದಿನಿಂದ ನೋಡಿದ್ರಾ?"

"ಮುಂದಿನಿಂದ?" ಯಾವುದೋ ಅಸಭ್ಯ ಪ್ರಶ್ನೆ ಕೇಳಿದವನನ್ನು ನೋಡುವಂತೆ ನೋಡಿದಳು. "ಕೆಲಸದವರು ಹುಲ್ಲುಹಾಸಿನ ಮೇಲೆ ನಿಂತು ಮನೆ ನೋಡ್ತಾರಾ ಸಾಹೇಬ್ರೆ? ನಮ್ಮ ಬಾಗಿಲು ಹಿಂದೆ. ಹದಿನಾಲ್ಕಕ್ಕೆ ಬಂದವಳು ನಾನು, ಈ ಮುಖವನ್ನ ಎದುರಿಗೆ ನಿಂತು ಯಾವತ್ತೂ ನೋಡಿಲ್ಲ."

"ಹಾಗಾದ್ರೆ ಈಗ ನೋಡಿ. ಮೇಲಿನ ಸಾಲು. ಈ ತುದಿ."

ಅವಳು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅವಳ ತುಟಿಯ ಬಣ್ಣ ಇಳಿದುಹೋಯಿತು. ಸಿಕ್ಕಿಬಿದ್ದೆನೆಂಬ ಭಯ ಎಂದುಕೊಂಡ ಲಡ್ಲೋ.

"ಇದು... ಬಿಸಿಲು ಬಿದ್ದಿರಬೇಕು. ಗಾಜಿಗೆ."

"ಆವತ್ತು ಜಿಟಿಜಿಟಿ ಮಳೆ. ಪೆಟ್ಟಿಗೆ ಹೊತ್ತವರ ಟೋಪಿಯಿಂದ ನೀರು ಇಳೀತಿರೋದು ಕಾಣ್ಸುತ್ತೆ ನೋಡಿ."

"ಹಾಗಾದ್ರೆ ಫೋಟೋದ ದೋಷ."

"ಮಿಸೆಸ್ ಬ್ರಾಡಕ್, ಗಾಜಿಗೂ ಕಪ್ಪಿಗೂ ಮಧ್ಯೆ ಪರದೆ ಇಳಿದಿದೆ. ಇಟ್ಟಿಗೆ ಗೋಡೆ ಆಗಿದ್ರೆ ಅಲ್ಲಿಗೆ ಕೈ ಹೋಗೋದು ಹೇಗೆ? ಗೋಡೆ ಅಲ್ಲ ಅದು. ಒಳಗಡೆಯಿಂದ ಮುಚ್ಚಿರೋ ಮರದ ಕದ, ಕಪ್ಪು ಬಣ್ಣ ಬಳಿದಿರೋದು. ಒಳಗೆ ನಿಂತು ಕದ ತೆಗೆದವರು ಮಾತ್ರ ಆ ಹಗ್ಗ ಎಳೀಬಹುದು."

"ಒಳಗೆ ಅನ್ನೋದೇ ಇಲ್ಲ ಅಲ್ಲಿ. ಇಟ್ಟಿಗೆ, ಸಾಹೇಬ್ರೆ. ನೂರು ಜನ ಪ್ರವಾಸಿಗಳಿಗೆ ಹೇಳಿದ್ದೀನಿ."

"ಹೇಳಿದ್ದೀರಿ, ಅದನ್ನ ನಾನು ಅಲ್ಲ ಅನ್ನಲ್ಲ."

ಲಡ್ಲೋ ಪಡಸಾಲೆಯ ಪೂರ್ವದ ತುದಿಗೆ ನಡೆದ. ಅಲ್ಲಿ ನೆಲದಿಂದ ಮಾಡಿನ ತನಕ ಹಳೆಯ ಓಕ್ ಮರದ ಹಲಗೆಗಳು, ವಯಸ್ಸಿನಿಂದ ಕಪ್ಪಾದವು. ಮೊದಲ ವಾರ ಅವನೇ ಅವುಗಳನ್ನು ಬೆರಳಿನಿಂದ ತಟ್ಟಿ ನೋಡಿದ್ದ. ಆಗ ಏನೂ ಸಿಕ್ಕಿರಲಿಲ್ಲ.

ಇವತ್ತು ತಟ್ಟುವ ಅಗತ್ಯವೇ ಬೀಳಲಿಲ್ಲ. ಹಲಗೆಯ ಕೆಳಗೆ, ನೆಲಕ್ಕೆ ತಾಗುವಲ್ಲಿ, ಒಂದು ಗೆರೆ ಬೆಳಕಿತ್ತು. ಹಗಲಿನ ಬೆಳಕು.

ಗ್ರಿಮ್ಲಿಯ ಹುಡುಗರು ಬೆಳಿಗ್ಗೆಯಿಂದ ಮಾಡು ಬಿಚ್ಚುತ್ತಿದ್ದರು. ಎಷ್ಟೋ ವರ್ಷಗಳಿಂದ ಕತ್ತಲಾಗಿದ್ದ ಜಾಗಕ್ಕೆ ಆಕಾಶ ಇಳಿದಿತ್ತು.

"ಇಟ್ಟಿಗೆ ಒಳಗಿಂದ ಬೆಳಕು ಬರ್ತಿದೆ ಮಿಸೆಸ್ ಬ್ರಾಡಕ್."

ಅವಳು ಮೇಣದ ಬಟ್ಟೆಯನ್ನು ಮುದ್ದೆ ಮಾಡಿ ಎದೆಗೆ ಒತ್ತಿಕೊಂಡಿದ್ದಳು. ಸರಿಯಾಗಿ ಅದೇ ಹೊತ್ತಿಗೆ ತಲೆಯ ಮೇಲೆ ಯಾರೋ "ಹುಷಾರ್!" ಎಂದು ಅರಚಿದರು. ಹೆಂಚುಗಳು ದಡದಡ ಜಾರಿದವು. ಹಲಗೆಯ ಆಚೆ ಏನೋ ಬಿದ್ದು ಒಡೆಯಿತು, ಬೆಳಕಿನ ಗೆರೆಯಲ್ಲಿ ಧೂಳು ಎದ್ದಿತು.

ಧೂಳಿನ ಹಿಂದೆಯೇ ಕೆಮ್ಮು. ಗಂಡಸಿನ ಕೆಮ್ಮು, ಬಾಯಿಗೆ ಕೈ ಒತ್ತಿಕೊಂಡು ತಡೆದ ಕೆಮ್ಮು.

ಲಡ್ಲೋ ಹಲಗೆಗೆ ಭುಜ ಕೊಡಲು ಹೋದ. ಮಿಸೆಸ್ ಬ್ರಾಡಕ್ ಓಡಿ ಬಂದು ಅಡ್ಡ ನಿಂತಳು. ಅಷ್ಟು ಬೇಗ ಓಡಬಲ್ಲಳು ಎಂದು ಯಾರೂ ಊಹಿಸುತ್ತಿರಲಿಲ್ಲ.

"ಬೇಡಿ ಸಾಹೇಬ್ರೆ. ನಿಮ್ಮ ದಮ್ಮಯ್ಯ. ಅವರು ಹೆದರಿಕೊಳ್ತಾರೆ."

"ಯಾರು ಅವರು?"

"ಚಿಕ್ಕ ಧಣಿ," ಅಂದಳು. "ಎವರಾರ್ಡ್."

ಲಡ್ಲೋಗೆ ಆ ಹೆಸರು ಗೊತ್ತಿತ್ತು. ಶವಸಂಸ್ಕಾರದ ದಿನ ಚರ್ಚಿನಲ್ಲಿ ಅವನು ನಿಂತದ್ದೇ ಆ ಕಲ್ಲಿನ ಪಕ್ಕ. ಯುದ್ಧದಲ್ಲಿ ಮಡಿದ ಊರ ಗಂಡಸರ ಹೆಸರುಗಳು, ಎಲ್ಲಕ್ಕೂ ಮೇಲೆ ಎವರಾರ್ಡ್ ಡೆಲ್‌ಮರ್, ಸರ್ ಆಂಬ್ರೋಸರ ಒಬ್ಬನೇ ಮಗ.

"ಸತ್ತಿದ್ದಾರಲ್ಲ ಅವರು!"

"ಸತ್ತಿದ್ರೆ ಚೆನ್ನಾಗಿತ್ತು ಅಂತ ಅಪ್ಪನೇ ಒಂದು ಸಲ ಅಂದಿದ್ರು. ಆಮೇಲೆ ತಾವೇ ಅತ್ರು." ಅವಳು ಹಲಗೆಗೆ ಬೆನ್ನು ಕೊಟ್ಟು ಮೆಲ್ಲಗೆ ಕುಸಿದು ನೆಲದ ಮೇಲೆ ಕೂತಳು. "ಯುದ್ಧದಿಂದ ಓಡಿ ಬಂದ್ರು. ಹಿಂದಿನ ಬಾಗಿಲಿಗೆ ಬಂದು ನಿಂತಿದ್ರು, ಕಾಲಲ್ಲಿ ಬೂಟಿಲ್ಲ. ಸೈನ್ಯದವರು ಕಾಣೆಯಾಗಿದ್ದಾರೆ, ಸತ್ತಿರಬೇಕು ಅಂತ ಬರೆದು ಕಳಿಸಿದ್ರು. ದೊಡ್ಡ ಸಾಹೇಬ್ರು ಹಾಗೇ ಇರಲಿ ಬಿಡು ಅಂದ್ರು. ಓಡಿ ಬಂದ ಡೆಲ್‌ಮರ್ ಇರೋದಕ್ಕಿಂತ ಸತ್ತ ಡೆಲ್‌ಮರ್ ಇರಲಿ ಅಂದ್ರು. ಹಳೇ ಮನೆಗೂ ಹೊಸ ಮುಖಕ್ಕೂ ಮಧ್ಯೆ ಉಳಿದ ಸಂದು ಸಾಹೇಬ್ರೆ ಇದು, ಒಂದು ಹಾಸಿಗೆ ಹಿಡಿಸುತ್ತೆ. ಅವತ್ತಿಂದ ಇಲ್ಲೇ, ಏಳು ವರ್ಷ ಆಯ್ತು. ನನಗೆ, ಅವರ ಅಪ್ಪನಿಗೆ ಬಿಟ್ರೆ ಇನ್ನೊಂದು ಪ್ರಾಣಿಗೆ ಗೊತ್ತಿಲ್ಲ. ನಾನೇ ಗಂಜಿ, ರೊಟ್ಟಿ, ಟೀ ತಂದು ಕೊಡ್ತಿದ್ದೆ."

ಲಡ್ಲೋಗೆ ಕೋಪ ಬಂತು. ಅದು ಒಂದೇ ಏಟಿಗೆ ಬಂದದ್ದಲ್ಲ, ಹದಿನೈದು ದಿನಗಳಿಂದ ಒಳಗೇ ಕುದಿಯುತ್ತಿದ್ದದ್ದು.

"ಪ್ರಮಾಣ ಮಾಡಿ ಹೇಳಿದ್ರಲ್ಲಮ್ಮ ನೀವು! ಆ ಮಧ್ಯಾಹ್ನ ಮಹಡಿ ಮೇಲೆ ದೊಡ್ಡ ಸಾಹೇಬ್ರು, ಆ ಹುಡುಗಿ ಬಿಟ್ರೆ ಮೂರನೆಯವರು ಇರಲಿಲ್ಲ, ನಾನು ಮೆಟ್ಟಿಲ ಬುಡದಲ್ಲೇ ಕೂತಿದ್ದೆ ಅಂತ. ಆ ಹುಡುಗಿ ಕುತ್ತಿಗೆಗೆ ಹಗ್ಗ ಬಿಗಿದದ್ದು ಆ ಒಂದು ಮಾತು. ಬೇರೆ ಏನಿದೆ ಅವಳ ಮೇಲೆ? ಏನೂ ಇಲ್ಲ."

"ಅಷ್ಟು ಚಿಕ್ಕ ಹುಡುಗೀನ ನೇಣು ಹಾಕ್ತಾರಾ? ಬಿಟ್ಟುಬಿಡ್ತಾರೆ ಅಂದ್ಕೊಂಡೆ."

"ಹಾಕ್ತಾರೆ. ಬೆಳಿಗ್ಗೆ ತಿಂಡಿ ಕೊಟ್ಟು ಹಾಕ್ತಾರೆ."

ಮಿಸೆಸ್ ಬ್ರಾಡಕ್ ಮುಖ ಮುಚ್ಚಿಕೊಂಡಳು. ಅವಳ ಸೊಂಟದ ಬೀಗದ ಕೈಗಳು ನಡುಗಿ ಸದ್ದು ಮಾಡಿದವು. ಆ ಮನೆಯಲ್ಲಿ ಬೀಗವಿದ್ದ ಬಾಗಿಲುಗಳನ್ನೆಲ್ಲ ಗ್ರಿಮ್ಲಿ ಆಗಲೇ ಲಾರಿಗೆ ಹಾಕಿದ್ದ, ಆದರೂ ಗೊಂಚಲು ಅವಳ ಸೊಂಟ ಬಿಟ್ಟಿರಲಿಲ್ಲ. ಲಡ್ಲೋಗೆ ಕೋಪದ ನಡುವೆಯೇ ಅಯ್ಯೋ ಅನ್ನಿಸಿತು. ಅದನ್ನು ನುಂಗಿಕೊಂಡ.

"ಒಳಗಿದ್ದವರು ಒಬ್ಬರು. ಹೊರಗೆ ಸತ್ತವರು ಒಬ್ಬರು. ನಡುವೆ ಈ ಹಲಗೆ. ಏಳು ವರ್ಷ ಸಂದಿಯಲ್ಲಿ ಬಚ್ಚಿಟ್ಟ ಅಪ್ಪನ ಮೇಲೆ ಮಗನಿಗೆ ಸಿಟ್ಟು ಬಂದಿರಬಹುದಲ್ವಾ?"

"ಇಲ್ಲ!" ಕೈ ತೆಗೆದಳು. ಕಣ್ಣು ಕೆಂಪಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನನ್ನನ್ನ ಜೈಲಿಗೆ ಹಾಕಿ, ಸುಳ್ಳು ಹೇಳಿದ್ದಕ್ಕೆ. ಸೋಮವಾರ ಕೋರ್ಟಿನಲ್ಲಿ ನಿಂತು ಇಷ್ಟನ್ನೂ ಹೇಳ್ತೀನಿ, ಆ ಹುಡುಗೀನ ಬಿಡಿಸಿಕೊಳ್ಳಿ. ಆದ್ರೆ ಅವರ ಮೇಲೆ ಹಾಕಬೇಡಿ. ಅವರು ಮಾಡಿಲ್ಲ. ಅವರಿಗೆ ಅಪ್ಪ ಸತ್ತದ್ದೇ ಗೊತ್ತಿಲ್ಲ."

"ಏನು?"

"ನಾನು ಹೇಳೇ ಇಲ್ಲ ಸಾಹೇಬ್ರೆ. ಹೇಗೆ ಹೇಳಲಿ? ಮೊದಲೇ ಅರ್ಧ ಜೀವ. ದೊಡ್ಡ ಸಾಹೇಬ್ರು ಬಿಸಿನೀರಿನ ಚಿಕಿತ್ಸೆಗೆ ಬಾತ್ ಊರಿಗೆ ಹೋಗಿದ್ದಾರೆ, ಮನೆ ರಿಪೇರಿ ನಡೀತಿದೆ, ಅದಕ್ಕೇ ಈ ಸದ್ದು ಅಂತ ಹೇಳಿದ್ದೀನಿ. ದಿನಾ ಕೇಳ್ತಾರೆ, ಅಪ್ಪ ಬಂದ್ರಾ ಅಂತ. ಇವತ್ತು ಬೆಳಿಗ್ಗೇನೂ ಕೇಳಿದ್ರು. ಕೊಂದವರು ಹಾಗೆ ಕೇಳ್ತಾರಾ?"

ಅವಳ ಮುಖದಲ್ಲಿ ಒಂದು ಬಗೆಯ ಗೆಲುವು ಇತ್ತು. ತನ್ನ ಕೈಯಲ್ಲಿದ್ದ ಕೊನೆಯ ಒಳ್ಳೆಯ ವಸ್ತುವನ್ನು ಅವನ ಮುಂದಿಟ್ಟಿದ್ದಳು.

ಲಡ್ಲೋ ಕಟಕಟೆಯ ಬಳಿಗೆ ಹೋಗಿ ಹಾ­ಳೆಯನ್ನು ತಂದ. ಅವಳ ಎದುರು ಮಂಡಿಯೂರಿ ಕೂತ.

"ಮಿಸೆಸ್ ಬ್ರಾಡಕ್. ಈ ಕೊನೇ ಪರದೆ ನೀವು ಇಳಿಸಿದ್ದಾ?"

"ನಾನಾ? ಆ ಕಿಟಕಿ ಹತ್ತಿರ ಹೋಗೋದಾದ್ರೂ ಹೇಗೆ? ಕದಕ್ಕೆ ಹಾಸಿಗೆ ಅಡ್ಡ ಇದೆ. ತಟ್ಟೆ ಬಾಗಿಲಲ್ಲಿ ಇಟ್ಟು ಬಂದ್ಬಿಡ್ತೀನಿ. ಅದನ್ನ ಈಗ ನಿಮ್ಮ ಪೇಪರಿನಲ್ಲಿ ನೋಡಿದ ಮೇಲೇನೇ..."

ಮಾತು ಅಲ್ಲಿಗೇ ನಿಂತಿತು.

ಮೊದಲು ಹಾಳೆ ನೋಡಿದಾಗ ಅವಳ ಮುಖದಲ್ಲಿ ತಾನು ಕಂಡದ್ದು ಭಯವಲ್ಲ ಎಂದು ಲಡ್ಲೋಗೆ ಈಗ ತಿಳಿಯಿತು. ಅವಳಿಗೂ ಅದು ಅಷ್ಟೇ ಆಶ್ಚರ್ಯವಾಗಿತ್ತು.

"ಸಾವಾದಾಗ ಪರದೆ ಇಳಿಸಬೇಕು ಅಂತ ಎವರಾರ್ಡ್‌ಗೆ ಗೊತ್ತಾ?" ಮೆಲ್ಲಗೆ ಕೇಳಿದ.

"ಅವರ ತಾತ ಹೋದಾಗ..." ಮಿಸೆಸ್ ಬ್ರಾಡಕ್ ಹಾಳೆಯಿಂದ ಕಣ್ಣು ಕೀಳಲಿಲ್ಲ. "ಹಗ್ಗ ಎಟುಕ್ತಿರಲಿಲ್ಲ ಮಗೂಗೆ. ನಾನೇ ಎತ್ತಿ ಹಿಡಿದಿದ್ದೆ. ಮನೆಯ ಒಂದು ಕಣ್ಣೂ ತೆರೆದಿರಬಾರದು ಕಂದ, ಒಂದು ತೆರೆದಿದ್ರೂ ಹೋದವರಿಗೆ ಅವಮರ್ಯಾದೆ ಅಂತ ನಾನೇ ಹೇಳಿಕೊಟ್ಟಿದ್ದೆ. ಒಂದೊಂದೇ ಕಿಟಕಿಗೆ ಹೋಗಿ ಇಳಿಸಿದ್ರು. ಎಷ್ಟು ಗಂಭೀರವಾಗಿ ಇಳಿಸಿದ್ರು ಅಂತೀರಿ..."

ಮುಂದೆ ಹೇಳುವ ಅಗತ್ಯ ಇರಲಿಲ್ಲ.

ಏಳು ವರ್ಷ ಒಂದು ಬಿರುಕಿನಲ್ಲಿ ಉಸಿರು ಬಿಗಿಹಿಡಿದು ಬದುಕಿದವನು. ದೀಪದ ಬೆಳಕು ಹೊರಗೆ ಕಾಣಬಾರದೆಂದು ಕಿಟಕಿಯ ಕದವನ್ನು ಮುಟ್ಟದವನು. ಅಂಥವನು ಒಂದೇ ಒಂದು ಸಲ ಹಾಸಿಗೆ ಸರಿಸಿ, ಕದ ತೆಗೆದು, ಬೇರೆ ಕಿಟಕಿಗಳಂತೆ ಅಲ್ಲೂ ಇದ್ದ ಪರದೆಯ ಹಗ್ಗ ಎಳೆದಿದ್ದ; ಹೆಣ ಹೋದ ಮೇಲೆ ಮತ್ತೆ ಏರಿಸಿದ್ದ. ಇಡೀ ಮನೆ ಕಣ್ಣು ಮುಚ್ಚಿರುವಾಗ ತನ್ನದೊಂದು ತೆರೆದಿರಲು ಅವನಿಗೆ ಮನಸ್ಸು ಒಪ್ಪಿರಲಿಲ್ಲ. ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ, ಆ ಮನೆಯಲ್ಲಿ ಹುಟ್ಟಿ ಬೆಳೆದವನು ಮಾತ್ರ ಮಾಡಬಹುದಾದ ತಪ್ಪು ಅದು.

"ಅವರಿಗೆ ಗೊತ್ತಿತ್ತು," ಅಂದ ಲಡ್ಲೋ. "ನೀವು ಹೇಳಿಲ್ಲ. ಸತ್ತವರು ಹೇಳೋ ಹಾಗಿಲ್ಲ. ಈ ಕೋಣೆ ಇನ್ನೊಬ್ಬರಿಗೆ ಗೊತ್ತಿಲ್ಲ ಅಂತೀರಿ. ಹಾಗಾದ್ರೆ ಅಪ್ಪ ಸತ್ತದ್ದು ಅವರಿಗೆ ಗೊತ್ತಾಗೋಕೆ ಒಂದೇ ದಾರಿ ಮಿಸೆಸ್ ಬ್ರಾಡಕ್. ಅವರು ಅದನ್ನ ನೋಡಿರಬೇಕು. ಇಲ್ಲ, ಮಾಡಿರಬೇಕು."

ಮುದುಕಿ ಅಳಲಿಲ್ಲ. ತಾನು ಪ್ರೀತಿಯಿಂದ ಹೇಳಿದ ಸುಳ್ಳೇ ತನ್ನ ಕಂದನ ಕೊರಳಿಗೆ ಬಂದದ್ದನ್ನು ನೋಡುತ್ತಾ ಕೂತಿದ್ದಳು. ದಿನಾ ಬೆಳಿಗ್ಗೆ "ಅಪ್ಪ ಬಂದ್ರಾ" ಎಂದು ಅವನು ಕೇಳುವಾಗ, ಅವಳ ಸುಳ್ಳನ್ನು ಅವನು ಸಹಿಸಿಕೊಂಡು ಕೇಳುತ್ತಿದ್ದ ಎಂಬುದು ಅವಳಿಗೆ ಅರ್ಥವಾಗಿತ್ತು.

ಲಡ್ಲೋ ಎದ್ದು ನಿಂತ. ಎದೆಯಲ್ಲಿ ಹಗುರವಾದ ಹಾಗಿತ್ತು, ಅದಕ್ಕಾಗಿ ನಾಚಿಕೆಯೂ ಆಗಿತ್ತು. ಮುದುಕಿಯ ಮನೆ ಮುಳುಗಿತ್ತು, ಆದರೆ ಟ್ಯಾಮ್ಸಿನ್ ಬದುಕಿದಳು. ಸೋಮವಾರ ಕೋರ್ಟಿಗೆ ಈ ಹಾಳೆ ಸಾಕು, ಈ ಮುದುಕಿ ಸಾಕು. ಮೇಲಧಿಕಾರಿಯ ಮುಖ ಹೇಗಾಗಬಹುದು ಎಂದು ಒಂದು ಕ್ಷಣ ಕಲ್ಪಿಸಿಕೊಂಡು ಸುಖಪಟ್ಟ.

"ಏಳಿ. ಬಾಗಿಲು ತೆಗೀರಿ."

ಅವಳು ಏಳುವ ಮೊದಲೇ ಹಲಗೆ ತಾನಾಗಿ ಒಳಕ್ಕೆ ಸರಿಯಿತು.

ಹಗಲಿನ ಬೆಳಕಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಗಡ್ಡದ ತುಂಬ ಸುಣ್ಣ. ಬಿಸಿಲು ಕಾಣದ ಮೈ ಬೆಳ್ಳಗೆ ಬಿಳಿಚಿಕೊಂಡಿತ್ತು. ಬೆಳಕಿಗೆ ಕಣ್ಣು ಬಿಡಲಾಗದೆ ಕೈ ಅಡ್ಡ ಹಿಡಿದಿದ್ದ. ಲಡ್ಲೋನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕೂತಿದ್ದ ಮುದುಕಿಯನ್ನೇ ನೋಡಿದ.

"ನೀನು ಹೆದರಬೇಡ ಹ್ಯಾನಾ," ಅಂದ, ಮಿಸೆಸ್ ಬ್ರಾಡಕ್‌ಳನ್ನು ಹೆಸರು ಹಿಡಿದು. ಮಾತಾಡಿ ಅಭ್ಯಾಸವಿಲ್ಲದ ದನಿ. "ಎಲ್ಲಾ ಕೇಳಿಸಿಕೊಂಡೆ. ನಾನು ನೋಡೂ ಇಲ್ಲ, ಮಾಡೂ ಇಲ್ಲ. ನಂಗೆ ಹೇಳಿದ್ದು ಟ್ಯಾಮ್ಸಿನ್."

"ಟ್ಯಾಮ್ಸಿನ್?" ಮುದುಕಿ ತಲೆಯೆತ್ತಿದಳು. "ಅವಳಿಗೆ ಈ ಬಾಗಿಲೇ ಗೊತ್ತಿಲ್ಲವಲ್ಲ ಕಂದ."

"ಬೇಸಿಗೆಯಿಂದ ಗೊತ್ತು. ದಿನಾ ಮಧ್ಯಾಹ್ನ ನನಗೆ ಹಾಲು ತರ್ತಿದ್ಲು. ನಿನಗೆ ಹೇಳಬೇಡ ಅಂದಿದ್ಲು, ನಾನು ಹೇಳಲಿಲ್ಲ."

ಲಡ್ಲೋನ ಕಣ್ಣು ತಾನಾಗಿ ಮೂಲೆಯ ತಟ್ಟೆಯ ಕಡೆ ಹೋಯಿತು. ಮುದುಕ ಸತ್ತ ದಿನವೇ ಸಂಜೆಯ ಹೊತ್ತಿಗೆ ಅವಳು ಲಡ್ಲೋನ ಕಾರಿನಲ್ಲಿದ್ದಳು. ಹಾಗಾದರೆ ಅವಳು ಹೇಳಿದ್ದು ಸಂಜೆಗೆ ಮೊದಲು.

"ಯಾವಾಗ ಹೇಳಿದಳು?" ಎಂದು ಕೇಳಿದ. ಕೇಳಬಾರದಿತ್ತು ಎಂದು ಕೇಳುವಾಗಲೇ ಅನ್ನಿಸಿತು.

ಎವರಾರ್ಡ್ ಕೈ ಇಳಿಸಿದ.

"ಹಾಲಿನ ಲೋಟ ಕೈಗೆ ಕೊಟ್ಟು, 'ನಿಮ್ಮಪ್ಪ ಹೋಗಿಬಿಟ್ರು ಎವರಾರ್ಡ್, ಸದ್ದು ಮಾಡಬೇಡಿ' ಅಂದ್ಲು. ಹೊರಗೆ ಹೋಗಿ ಹಲಗೆ ಎಳ್ಕೊಂಡ್ಲು. ನಾನು ಅಲ್ಲೇ ಲೋಟ ಹಿಡ್ಕೊಂಡು ನಿಂತಿದ್ದೆ." ತನ್ನ ಖಾಲಿ ಕೈಯನ್ನು ನೋಡಿಕೊಂಡ. "ಅಪ್ಪ ಬಿದ್ದ ಸದ್ದು ಕೇಳಿಸಿದ್ದು ಅದಾದ ಮೇಲೆ."